ಕೆಂಪು ಗೆರೆಯೊಳಗಿನ ತಾರಸಿ

"ಇಳಿಸಿ! ಮೊದಲು ಅದನ್ನ ಕೆಳಗಿಳಿಸಿ!"

ಶಾಲೆಯ ತಾರಸಿಯ ಮೇಲೆ ನಿಂತು ಡ್ರೋನ್ ಹಾರಿಸುತ್ತಿದ್ದವಳು ಬೆಚ್ಚಿಬಿದ್ದು ತಿರುಗಿದಳು. ಮೆಟ್ಟಿಲ ಬಾಗಿಲಲ್ಲಿ ಸಮವಸ್ತ್ರದ ಯುವಕನೊಬ್ಬ ಏದುಸಿರು ಬಿಡುತ್ತಾ ನಿಂತಿದ್ದ. ಕೊರಳಲ್ಲಿ ಬೈನಾಕ್ಯುಲರ್, ಮುಖದ ತುಂಬಾ ಬೆವರು, ಕಣ್ಣಲ್ಲಿ ಕೆಂಡದಂಥ ಕೋಪ.

"ಕೂಗಾಡ್ಬೇಡಿ! ನನ್ನ ಹತ್ರ ನಗರಸಭೆ ಅನುಮತಿ ಇದೆ. ಊರಿನ ತಾರಸಿಗಳನ್ನೆಲ್ಲ ನಕ್ಷೆ ಮಾಡೋದು ನನ್ನ ಕೆಲಸ."

"ಊರಿನದ್ದು ಮಾಡ್ಕೊಳ್ಳಿ, ಯಾರು ಬೇಡ ಅಂದ್ರು? ಅಲ್ಲಿ ಕಾಣ್ತಿದೆಯಲ್ಲ ವಿದ್ಯುತ್ ಸ್ಥಾವರ, ಅದರ ಆಕಾಶ ಕಾಯೋದು ನನ್ನ ಕೆಲಸ!"

ಅವಳು ತುಟಿ ಕಚ್ಚಿಕೊಂಡು ಡ್ರೋನ್ ಇಳಿಸಿದಳು. ಅವನು ಮೂಲೆಯಲ್ಲಿ ಬಿದ್ದಿದ್ದ ಇಟ್ಟಿಗೆ ಚೂರು ತೆಗೆದುಕೊಂಡು ಮಂಡಿಯೂರಿ ನೆಲದ ಮೇಲೆ ಒಂದು ದೊಡ್ಡ ಸುತ್ತು ಬರೆದ. ಅದರೊಳಗೆ ಇನ್ನೊಂದು ಚಿಕ್ಕದು.

"ಹೊರಗಿನದು ಹಳದಿ ಗೆರೆ. ದಿನಾ ಬೆಳಿಗ್ಗೆ ನಮ್ಮ ಗೇಟಿಗೆ ಬಂದು ತಿಳಿಸಿ, ಇದರೊಳಗೆ ಹಾರಿಸಬಹುದು. ಒಳಗಿನದು ಕೆಂಪು ಗೆರೆ. ಅದನ್ನ ದಾಟಿದ್ರೆ ದಂಡ ಗಿಂಡ ಅಲ್ಲ, ಸೀದಾ ಜೈಲು. ಯಾರ ಮಗಳು ಅಂತಾನೂ ಕೇಳಲ್ಲ."

ಎದ್ದವನು ಆ ಚಿಕ್ಕ ಸುತ್ತಿನೊಳಗೆ ಹೋಗಿ ನಿಂತ.

"ನಾನು ಇಲ್ಲಿರ್ತೀನಿ. ನೀವು ಅಲ್ಲೇ ಇರಿ. ಜಗಳವೇ ಇಲ್ಲ."

'ಅಬ್ಬಾ, ಏನು ಗಂಟುಮುಖ!' ಎಂದುಕೊಂಡಳು. ಆದರೆ ಅವನು ಇಳಿದುಹೋದ ಮೇಲೂ ಆ ಸುತ್ತನ್ನು ತುಳಿಯದೆ ಬಳಸಿಕೊಂಡು ಓಡಾಡಿದಳು. ಯಾಕೆ? ಅವಳಿಗೇ ಗೊತ್ತಿರಲಿಲ್ಲ ಪಾಪ!

ಮರುದಿನದಿಂದ ಬೆಳಿಗ್ಗೆ ಗೇಟಿಗೆ ಹೋಗುವುದು ಅವಳ ಕೆಲಸದ ಭಾಗವಾಯಿತು. ಮೊದಲು ಎರಡೇ ಮಾತು. ಆಮೇಲೆ ಗೇಟಿನೆದುರಿನ ಕಲ್ಲುಬೆಂಚಿನ ಮೇಲೆ ಎರಡು ಲೋಟ ಚಹಾ. ಆಮೇಲೆ ಸಂಜೆ ಕೆಲಸ ಮುಗಿಸಿದ ಮೇಲೂ ಅದೇ ಬೆಂಚು. ಅವನು ಅವಳನ್ನು "ಗಾಳಿಪಟ" ಎಂದು ಕರೆಯತೊಡಗಿದ. ಅವಳ ಅತ್ತಿಗೆಯಂತೂ ಹೊಲಿಗೆ ಯಂತ್ರದ ಮುಂದೆ ಕೂತಲ್ಲಿಂದಲೇ ಕಾಲೆಳೆಯುತ್ತಿದ್ದಳು.

"ಏನಮ್ಮಾ, ಗೇಟ್ ಸಾಹೇಬ್ರು ಇವತ್ತು ನಕ್ಕರಾ? ಇಲ್ಲ, ನಗೋಕೂ ಅನುಮತಿ ಬೇಕಾ?"

"ಹೋಗಿ ಅತ್ತಿಗೆ!"

ಆದರೆ ಒಂದು ಕೊರಗು ಮಾತ್ರ ಅವಳನ್ನು ಬಿಡಲಿಲ್ಲ. ಊರಿನ ತಾರಸಿಗಳನ್ನೆಲ್ಲ ಅವಳು ನೋಡಿದ್ದಳು. ಯಾರ ಟ್ಯಾಂಕಿಗೆ ಮುಚ್ಚಳವಿಲ್ಲ, ಯಾರ ಹಪ್ಪಳವನ್ನು ಕಾಗೆ ಕದಿಯುತ್ತದೆ, ಎಲ್ಲವೂ ಗೊತ್ತು. ನಕ್ಷೆಯ ನಡುವೆ ಮಾತ್ರ ಒಂದು ಖಾಲಿ ಬಿಳಿ ಜಾಗ, ಕೆಂಪು ಗೆರೆಯೊಳಗಿನದು. ಅವನಿದ್ದ ವಸತಿಗೃಹ ಆ ಬಿಳಿಯೊಳಗೆಲ್ಲೋ ಇತ್ತು. ರಾತ್ರಿ ಊಟಕ್ಕೆ ಕೂತರೂ ಅವಳ ಮನಸ್ಸು ಅಲ್ಲಿಗೇ ಹೋಗುತ್ತಿತ್ತು. 'ಈಗ ಏನು ಮಾಡ್ತಿರಬಹುದು? ಒಬ್ಬರೇ ಕೂತಿರ್ತಾರಾ?'

"ನಿಮ್ಮ ತಾರಸಿ ಮೇಲೆ ಏನಿದೆ?" ಒಮ್ಮೆ ಕೇಳಿಯೇಬಿಟ್ಟಳು.

ಅವನು ಲೋಟದೊಳಗೆ ನೋಡುತ್ತಾ ಮೆಲ್ಲಗೆ ನಕ್ಕ. "ಅದನ್ನೆಲ್ಲ ಹೇಳೋ ಹಾಗಿಲ್ಲ ಗಾಳಿಪಟ."

'ನನಗೂ ಹೇಳೋ ಹಾಗಿಲ್ವಾ?' ಎಂದುಕೊಂಡಳು.

ಪ್ರೀತಿ ತಲೆಗೇರಿದಾಗ ಜಾಣರೂ ಪೆದ್ದುಕೆಲಸ ಮಾಡುತ್ತಾರೆ. ನಮ್ಮ ಹುಡುಗಿ ಮಾಡಿದ್ದು ಕೇಳಿ.

ಬ್ಯಾಟರಿ ಮುಗಿಯುತ್ತಾ ಬಂದರೆ, ಇಲ್ಲವೇ ಸಂಪರ್ಕ ತಪ್ಪಿದರೆ ಡ್ರೋನ್ ತಾನಾಗಿಯೇ ವಾಪಸ್ ಬರುತ್ತದೆ. ಎಲ್ಲಿಗೆ ಬರಬೇಕೆಂದು ಮೊದಲೇ ಗುರುತು ಹಾಕಿರಬೇಕು. ಎಲ್ಲರೂ ತಾವು ನಿಂತ ಜಾಗವನ್ನೇ ಹಾಕುತ್ತಾರೆ. ಅಂದು ಶಾಲೆಯ ತಾರಸಿಯಿಂದ ಹಾರಿಸುವಾಗ ಅವಳು, ಸಂಜೆ ಹೇಗೂ ಅಲ್ಲಿಗೇ ಹೋಗುವುದಿದೆಯಲ್ಲ ಎಂದು, ತನ್ನಷ್ಟಕ್ಕೆ ನಗುತ್ತಾ ಕಲ್ಲುಬೆಂಚಿನ ಗುರುತು ಹಾಕಿಬಿಟ್ಟಳು!

ಮಧ್ಯಾಹ್ನ ಎತ್ತರದ ಕಟ್ಟಡವೊಂದರ ಹಿಂದೆ ಸಂಪರ್ಕ ಕಡಿಯಿತು. ಡ್ರೋನ್ ನೇರವಾಗಿ ಬೆಂಚಿನ ಕಡೆ ಹೊರಟಿತು. ಆ ನೇರ ದಾರಿ ಕೆಂಪು ಗೆರೆಯ ಅಂಚನ್ನು ಕತ್ತರಿಸಿಕೊಂಡೇ ಹೋಗಬೇಕಿತ್ತು.

"ಅಯ್ಯೋ ದೇವರೇ... ಬೇಡ, ಬೇಡ, ತಿರುಗು!"

ಎಷ್ಟು ಒತ್ತಿದರೂ ರಿಮೋಟ್ ಕೇಳಲಿಲ್ಲ. ಗೇಟಿನತ್ತ ಓಡಿದಳು. ಅಷ್ಟರಲ್ಲಿ ಕಾವಲು ಗೋಪುರದಿಂದ ಅವನು ಡ್ರೋನ್ ಕೆಡವುವ ಯಂತ್ರ ಹಿಡಿದು ಗುರಿ ಇಟ್ಟಿದ್ದ. ಅವಳ ಕಣ್ಣೆದುರೇ ಅದು ತಲೆಕೆಳಗಾಗಿ ಬಿದ್ದು ಚೂರಾಯಿತು.

ಕೆಳಗಿಳಿದು ಬಂದವನ ಕೈಯಲ್ಲಿ ಮುರಿದ ರೆಕ್ಕೆಗಳಿದ್ದವು. ಹಿಂದೆ ಅವನ ಮೇಲಧಿಕಾರಿ ನಿಂತಿದ್ದರು.

"ಇದು ನಮ್ಮ ವಶದಲ್ಲಿರುತ್ತೆ ಮೇಡಂ. ವಿಚಾರಣೆಗೆ ಕರೆ ಬರುತ್ತೆ."

ಮೇಡಂ! ಗಾಳಿಪಟ ಅಲ್ಲ... ಮೇಡಂ!

"ನನ್ನದು ಅಂತ ಗೊತ್ತಿದ್ದೂ ಕೆಡವಿದ್ರಾ?"

"ಗೊತ್ತಿತ್ತು."

ಅಷ್ಟೇ ಹೇಳಿ ತಿರುಗಿ ನಡೆದುಬಿಟ್ಟ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಊರೆಲ್ಲ ಗುಸುಗುಸು. ಬೇಹುಗಾರ್ತಿಯಂತೆ, ಸ್ಥಾವರದ ಚಿತ್ರ ಯಾರಿಗೋ ಮಾರುತ್ತಿದ್ದಳಂತೆ. ಅನುಮತಿ ಶಾಶ್ವತವಾಗಿ ರದ್ದಾದರೆ ಕೆಲಸವೂ ಹೋಯಿತು, ಮಾನವೂ ಹೋಯಿತು. ಒಮ್ಮೆ ರಸ್ತೆಯಲ್ಲಿ ಅವನು ಎದುರಾದ. ಅವಳನ್ನು ಕಂಡವನೇ ತಲೆ ತಗ್ಗಿಸಿ ಆಚೆ ಬದಿಗೆ ದಾಟಿಕೊಂಡ.

"ವಿಚಾರಣೆ ಮುಗಿಯೋವರೆಗೂ ಮಾತಾಡ್ಬಾರದು ಅಂತ ನಿಯಮ ಇರಬಹುದು ಕಣೇ," ಅತ್ತಿಗೆ ಸಮಾಧಾನ ಮಾಡಿದಳು.

"ನೋಡೋಕೂ ನಿಯಮ ಇದೆಯಾ ಅತ್ತಿಗೆ?"

ಅತ್ತಿಗೆ ಹೊಲಿಗೆ ನಿಲ್ಲಿಸಿ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

ಅಷ್ಟಾದರೂ ಹಾಳು ಮನಸ್ಸು ಕೇಳಬೇಕಲ್ಲ! ಸಂಜೆಯಾದರೆ ಮನೆಯ ತಾರಸಿಗೆ ಹೋಗಿ ಸ್ಥಾವರದ ಚಿಮಣಿಯನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಅದರ ಬುಡದಲ್ಲಿ ಅವನಿದ್ದಾನೆ. ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಕೂಗುವ ಹಾಗಿಲ್ಲ.

ವಿಚಾರಣೆಯ ದಿನ ಬಂತು. ಉದ್ದನೆಯ ಕೋಣೆ, ಕಿರ್ರೆನ್ನುವ ಫ್ಯಾನು. ಮೇಜಿನಾಚೆ ಕನ್ನಡಕ ಹಾಕಿದ ಹಿರಿಯ ಅಧಿಕಾರಿಣಿ, ಅಕ್ಕಪಕ್ಕ ಇಬ್ಬರು ಅಧಿಕಾರಿಗಳು. ಒಂದು ಬದಿಗೆ ಅವನು, ಸಾಕ್ಷಿಯಾಗಿ. ಅವಳು ಅತ್ತ ನೋಡಲೇಬಾರದೆಂದು ಹಟ ಹಿಡಿದಿದ್ದಳು. ಆದರೂ ಒಂದು ಸಲ ನೋಡಿದಳು. ಎಷ್ಟು ಸೊರಗಿದ್ದಾನೆ!

"ಡ್ರೋನ್ ಹಾರಿದ್ದು ಶಾಲೆಯಿಂದ," ಅಧಿಕಾರಿಣಿ ಕೇಳಿದರು. "ವಾಪಸ್ ಬರೋ ಜಾಗ ಮಾತ್ರ ನಮ್ಮ ಗೇಟಿನೆದುರಿನ ಬೆಂಚು. ಗೇಟಿನ ಹತ್ತಿರ ಇಳಿಸೋ ಉದ್ದೇಶ ಏನಮ್ಮ?"

ಇದ್ದದ್ದು ಹೇಳಿದರೆ? ಕಾವಲಿನವನೇ ಡ್ರೋನಿನವಳ ಜೊತೆ ಓಡಾಡುತ್ತಿದ್ದ ಎಂದಾಗುತ್ತದೆ. ಅವನ ಕೆಲಸಕ್ಕೇ ಕುತ್ತು. 'ನನ್ನ ರೆಕ್ಕೆ ಅವರೇ ಮುರಿದಿರಲಿ. ಅವರ ಅನ್ನ ನಾನು ಕಿತ್ತುಕೊಳ್ಳಲಾರೆ...'

"ಬಾಯಿ ಬಿಡಮ್ಮ. ಹೀಗೆ ಸುಮ್ಮನಿದ್ರೆ ನಾವು ಕೆಟ್ಟದ್ದನ್ನೇ ಬರೀಬೇಕಾಗುತ್ತೆ."

ಅವಳು ತಲೆ ಎತ್ತಲಿಲ್ಲ. ಕಣ್ಣೀರು ಮಾತ್ರ ಕೈಮೇಲೆ ಟಪಟಪ ಉದುರಿತು.

ಕುರ್ಚಿ ಸರಿದ ಸದ್ದು.

"ಆ ಬೆಂಚಿನ ಮೇಲೆ ನಾನು ಕೂತಿರ್ತೀನಿ ಮೇಡಂ."

ಅಧಿಕಾರಿಣಿ ಬರೆಯುವುದನ್ನು ನಿಲ್ಲಿಸಿದರು.

"ಏನಂದ್ರಿ?"

"ದಿನಾ ಸಂಜೆ ಇವರಿಗೋಸ್ಕರ ಅಲ್ಲಿ ಕಾಯ್ತಿದ್ದೆ. ಬೇರೆ ಉದ್ದೇಶ ಇಲ್ಲ. ತಪ್ಪಿದ್ರೆ ನನ್ನದೂ ಇದೆ, ಬರ್ಕೊಳ್ಳಿ."

ಅಧಿಕಾರಿಣಿ ಕನ್ನಡಕ ತೆಗೆದರು. "ಮತ್ತೆ ಕೆಡವಿದ್ದು ನೀವೇ ಅಲ್ವೇನಪ್ಪಾ?"

"ಹೌದು. ಸುಮ್ಮನೆ ಬಿಟ್ಟಿದ್ರೆ ಕೆಂಪು ಗೆರೆ ದಾಟ್ತಿತ್ತು. ದಾಟಿದ್ರೆ ಇವರಿಗೆ ಜೈಲು. ಅದಕ್ಕೇ ಹಳದಿಯಲ್ಲಿರುವಾಗಲೇ ಕೆಡವಿದೆ." ಅವನ ದನಿ ಒಡೆಯಿತು. "ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ."

ಅವಳು ಆ ದಿನ ಮೊದಲ ಬಾರಿಗೆ ಅವನನ್ನೇ ನೇರವಾಗಿ ನೋಡಿದಳು. 'ನನ್ನನ್ನ ಉಳಿಸೋಕಾ? ಅಯ್ಯೋ... ನಾನೆಂಥ ಪೆದ್ದಿ!'

ಅಧಿಕಾರಿಣಿ ತಮ್ಮ ಜೊತೆಯವರೊಡನೆ ತಲೆ ಸೇರಿಸಿ ಮಾತಾಡಿ ತೀರ್ಪು ಹೇಳಿದರು. ದುರುದ್ದೇಶವಿಲ್ಲ, ಅಜಾಗರೂಕತೆ. ಮೂರು ತಿಂಗಳು ಅವಳು ಡ್ರೋನ್ ಮುಟ್ಟುವಂತಿಲ್ಲ, ಆಮೇಲೆ ಅನುಮತಿ ವಾಪಸ್. ಅವನನ್ನು ಕಾವಲಿನಿಂದ ತೆಗೆದು ಉಗ್ರಾಣಕ್ಕೆ ಹಾಕಲಾಯಿತು.

ಸಂಜೆ ಅದೇ ಕಲ್ಲುಬೆಂಚು. ಇಬ್ಬರ ನಡುವೆ ಎರಡು ಲೋಟ ಚಹಾ ಆರುತ್ತಿತ್ತು.

"ನನ್ನಿಂದ ನಿಮ್ಮ ಗೋಪುರ ಹೋಯ್ತು."

"ಹೋಗ್ಲಿ ಬಿಡಿ. ಆಕಾಶ ನೋಡಿ ನೋಡಿ ಕತ್ತು ನೋಯ್ತಿತ್ತು. ಇನ್ಮೇಲೆ ಬಲ್ಬು ವೈರು ಕಾಯ್ತೀನಿ."

ಅಳುತ್ತಲೇ ನಕ್ಕಳು. "ಅವತ್ತು ರಸ್ತೆ ದಾಟಿಕೊಂಡ್ರಲ್ಲ, ಆ ದಿನ ನಾನು ಸತ್ತೇ ಹೋಗಿದ್ದೆ, ಗೊತ್ತಾ?"

"ಹತ್ತಿರ ಬಂದಿದ್ರೆ ಮಾತಾಡಿಬಿಡ್ತಿದ್ದೆ. ಮಾತಾಡಿದ್ರೆ ನನ್ನ ಸಾಕ್ಷಿಗೆ ಬೆಲೆ ಇರ್ತಿರಲಿಲ್ಲ ಗಾಳಿಪಟ."

ಗಾಳಿಪಟ! ಎಷ್ಟು ದಿನವಾಗಿತ್ತು ಆ ಮಾತು ಕೇಳಿ!

"ಈಗಲಾದ್ರೂ ಹೇಳಿ, ನಿಮ್ಮ ತಾರಸಿ ಮೇಲೆ ಏನಿದೆ?"

"ಬಟ್ಟೆ ಒಣಗಿಸೋ ಹಗ್ಗ. ಒಂದು ಒಡೆದ ಹೂಕುಂಡ. ಎರಡು ಕುರ್ಚಿ."

"ಒಬ್ಬರಿಗೆ ಎರಡ್ಯಾಕೆ?"

"ಮೊದಲು ಒಂದೇ ಇತ್ತು. ನೀವು ಕೇಳಿದ ದಿನ ಇನ್ನೊಂದು ತಂದೆ."

"ನಾನು ನೋಡ್ಬೇಕು ಅದನ್ನ."

"ಕೆಂಪು ಗೆರೆಯೊಳಗೆ ಹೊರಗಿನವರು ಬರೋ ಹಾಗಿಲ್ಲ. ಕಾನೂನು."

"ಇನ್ನೂ ಕಾನೂನಾ?!"

"ಮನೆಯವರು ಬರಬಹುದು."

ಅವಳು ಲೋಟಗಳನ್ನು ಬದಿಗೆ ಸರಿಸಿ ಅವನ ಪಕ್ಕಕ್ಕೆ ಬಂದು ಕೂತಳು.

"ಅದಕ್ಕೆ ಯಾರ ಅನುಮತಿ ಬೇಕು?"

"ನಿಮ್ಮದೊಂದೇ."

"ಕೊಟ್ಟೆ," ಎಂದಳು.