ಗಟ್ಟಿಗೆರೆ, ಚುಕ್ಕಿಗೆರೆ

ಹುಡುಗಿಯೊಬ್ಬಳ ನೋಟ್‌ಬುಕ್ಕಿಗೆ ಬಗ್ಗಿದ್ದ ಬಯಾಲಜಿ ಲೆಕ್ಚರರ್ ಅನುರಾಧಾ ತಲೆ ಎತ್ತುವಷ್ಟರಲ್ಲಿ ಬೋರ್ಡಿನ ಮೇಲಿದ್ದ ಅವಳ ಡಿಎನ್‌ಎ ಚಿತ್ರ ಅರ್ಧ ಮಾಯವಾಗಿತ್ತು. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುತ್ತಿದ್ದ ಕೆಮಿಸ್ಟ್ರಿ ಲೆಕ್ಚರರ್ ಶಂಕರಲಿಂಗ ಎದ್ದು ಹೋಗಿ, ಅವಳು ಏಣಿಯ ಮೆಟ್ಟಿಲಿನಂತೆ ಎಳೆದಿದ್ದ ಗೆರೆಗಳನ್ನು ಒರೆಸಿ ಚುಕ್ಕಿಗೆರೆ ಹಾಕುತ್ತಿದ್ದ!

"ಇವು ನಾಜೂಕ ಹೈಡ್ರೋಜನ್ ಬಾಂಡ್ ರೀ ಮೇಡಂ. ಗಟ್ಟಿಗೆರಿ ಎಳದ್ರ ಸುಲಭ ಬಿಚ್ಚಲಾರದ ಕೋವೇಲೆಂಟ್ ಬಾಂಡ್ ಅಂತ ಅರ್ಥ ಆಗ್ತದ."

ಹುಡುಗರು ಕಿಸಕ್ಕನೆ ನಕ್ಕರು. ಅವಳ ಮೈಯೆಲ್ಲ ಉರಿದುಹೋಯಿತು.

ಹುಮನಾಬಾದಿನ ಆ ಪಿಯು ಕಾಲೇಜಿನಲ್ಲಿ ಒಬ್ಬರ ಬೋರ್ಡನ್ನು ಇನ್ನೊಬ್ಬರು ಕೇಳದೆ ಮುಟ್ಟುವುದಿಲ್ಲ. ಪ್ರಿನ್ಸಿಪಾಲ್ ಮಹಾರುದ್ರಪ್ಪನವರೇ "ಅಳಸಲೇನ್ರಿ?" ಎಂದು ಕೇಳಿ ಡಸ್ಟರ್ ಎತ್ತುತ್ತಾರೆ. ಇವನ್ಯಾವ ದೊಡ್ಡ ಮನುಷ್ಯ?

ಅದೂ ಯಾವ ಕ್ಲಾಸು! ಬೇಮಳಖೇಡ, ಮನ್ನಾಏಖೇಳ್ಳಿ ಕಡೆಯಿಂದ ಬರುವ ಕನ್ನಡ ಮಾಧ್ಯಮದ ಮಕ್ಕಳು ಬಯಾಲಜಿಯಲ್ಲಿ ಎಡವುವುದು ಜೀವಕೋಶದಲ್ಲಲ್ಲ. ಅಣು ಎಂದರೇನು, ಉಪ್ಪು ನೀರಿನಲ್ಲಿ ಯಾಕೆ ಕರಗುತ್ತದೆ, ಇಷ್ಟು ತಿಳಿಯದೆ ಎಡವುತ್ತಾರೆ. ಅದನ್ನು ಕಲಿಸಲು ದಿನಾ ಬೆಳಿಗ್ಗೆ ಒಂದು ಗಂಟೆ ಕೊಡಿ ಎಂದು ಅವಳು ಎರಡು ವರ್ಷ ಪ್ರಿನ್ಸಿಪಾಲರನ್ನು ಗೋಗರೆದು ಪಡೆದಿದ್ದಳು. ಅದಕ್ಕಾಗಿ ಬಸವಕಲ್ಯಾಣದಿಂದ ಮೊದಲ ಬಸ್ಸು ಹಿಡಿಯುತ್ತಿದ್ದಳು.

ಮರುದಿನ ನೋಟಿಸ್ ಬೋರ್ಡಿನಲ್ಲಿ ಚೀಟಿ ಅಂಟಿತ್ತು. ಬೆಳಗಿನ ಆ ಬುನಾದಿ ತರಗತಿ ಇನ್ನು ಮುಂದೆ ಶಂಕರಲಿಂಗ ಅವರದು.

ಕೂರಲು ಜಾಗ ಕೊಟ್ಟರೆ ಉಂಡ ಮನೆಯ ಜಂತೆ ಎಣಿಸಿದನಲ್ಲ! ಅವನು ಬಂದು ಕೂತಾಗಲೆಲ್ಲ ಸೆರಗು ಸರಿಮಾಡಿಕೊಂಡು, ಬರೆಯುತ್ತ ಬರೆಯುತ್ತ ಓರೆಗಣ್ಣಲ್ಲಿ ಹಿಂದಿನ ಬೆಂಚು ನೋಡುತ್ತಿದ್ದ ತನ್ನ ಮೇಲೂ ಅವಳಿಗೆ ಸಿಟ್ಟು ಬಂತು. ಥೂ, ಎಂಥ ಹುಚ್ಚು ಹಿಡಿದಿತ್ತು ತನಗೆ!

ಗುರುವಾರ ಸಂಜೆ ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಅವನೇ ಹುಡುಕಿಕೊಂಡು ಬಂದ.

"ಒಂದ್ ಮಾತು ಕೇಳೋದಿತ್ರಿ."

"ಕ್ಲಾಸ್ ಕಸಗೊಂಡ್ರಿ. ಇನ್ನೇನ್ ಉಳದದ ಕೇಳಾಕ?"

"ಹೈಡ್ರೋಜನ್ ಬಾಂಡ್ ಅಷ್ಟು ನಾಜೂಕಿದ್ರ ನಮ್ಮೂರ ಬಿಸಲಾಗ ಡಿಎನ್‌ಎ ಬಿಚ್ಚಿ ಹೋಗೂದಿಲ್ಲ ಯಾಕ, ಅಂತ ಕ್ಲಾಸಿನ್ಯಾಗ ಮಹಜಬೀನ್ ಕೇಳಿದ್ಲು. ಶಕ್ತಿದು ಕಿಲೋಜೌಲ್ ಲೆಕ್ಕ ಹೇಳಿದೆ. ಅರ್ಧ ಕ್ಲಾಸ್ ಆಕಳಿಸ್ತು. ಇವತ್ತು ಒಂಬತ್ತೇ ಮಂದಿ ಬಂದಿದ್ರು. ನೀವಾದ್ರ ಹ್ಯಾಂಗ ಹೇಳ್ತಿದ್ರಿ?"

ಒಂಬತ್ತು! ಅವಳ ಕ್ಲಾಸಿನಲ್ಲಿ ನಲವತ್ತೊಂದು ಮಕ್ಕಳಿದ್ದರು.

"ಒಂದ್ ಜೋಳದ ದಂಟು ಕೈಲೇ ಮುರೀತದ. ಹೊರಿ ಕಟ್ಟಿದ ಮ್ಯಾಲ ಮುರೀರಿ ನೋಡೂಣು!" ಎಂದಳು ರೇಗಿ. "ಒಂದು ನಾಜೂಕು, ಕೋಟಿಗಟ್ಲೆ ಕೂಡಿದ್ರ ಗಟ್ಟಿ. ಮತ್ತ ನಾಜೂಕ ಇರಬೇಕ್ರಿ ಅದು. ಗಟ್ಟಿ ಇದ್ರ ಜೀವಕೋಶ ಅದನ್ನ ಬಿಚ್ಚಿ ಓದೂದು ಹ್ಯಾಂಗ?"

ಹೇಳುತ್ತ ಹೇಳುತ್ತ ಅವಳಿಗೇ ಹೊಳೆಯಿತು. ತಾನು ಎಳೆದ ಗಟ್ಟಿಗೆರೆಯ ಪ್ರಕಾರ ಹೋದರೆ ಆ ಏಣಿ ಬಿಚ್ಚುವುದೇ ಇಲ್ಲ.

"ನನ್ನ ಗೆರಿ ತಪ್ಪಿತ್ತು," ಎಂದಳು ಮುಖ ಗಂಟಿಕ್ಕಿಯೇ. "ಒಪ್ತೀನಿ. ಕಿವ್ಯಾಗ ಹೇಳಿದ್ರ ನಾನ ತಿದ್ದತಿದ್ದೆ. ಮಕ್ಕಳ ಮುಂದ ಒರಸಿದ್ರಿ, ಮತ್ತ ಪ್ರಿನ್ಸಿಪಾಲ್ರ ಕಿವಿ ಊದಿದ್ರಿ."

"ಚಾ ಕುಡೀತ ಬಾಯಿ ಜಾರಿ ಹೇಳಿದೆ. ಕ್ಲಾಸ್ ಕೇಳಿದ್ದಿಲ್ರಿ, ಆಣಿ ಮಾಡಿ ಹೇಳ್ತೀನಿ."

"ಆಣಿ ನನಗ್ಯಾಕ? ಎಲ್ಲಿ ಮಾನ ತಗದ್ರಿ, ಅಲ್ಲೇ ನಿಂತು ಹೇಳ್ರಿ."

ಬಸವಕಲ್ಯಾಣದ ಬಸ್ಸು ಬಂತು. ಅವಳು ತಿರುಗಿಯೂ ನೋಡದೆ ಹತ್ತಿದಳು. ಕಿಟಕಿಯ ಪಕ್ಕ ಕೂತ ಮೇಲೆ ಮಾತ್ರ ನೋಡಿದಳು. ಅವನು ಅಲ್ಲೇ ನಿಂತಿದ್ದ.

ಶುಕ್ರವಾರ ಬೆಳಿಗ್ಗೆ ಅವನು ಮಹಾರುದ್ರಪ್ಪನವರನ್ನು ಕರೆದುಕೊಂಡೇ ಕ್ಲಾಸಿಗೆ ಬಂದ. ಮಕ್ಕಳಿಗೆಲ್ಲ ಬರಲು ಹೇಳಿಕಳಿಸಿದ್ದ. ಅನುರಾಧಾ ಬಾಗಿಲಲ್ಲಿ ಕೈಕಟ್ಟಿ ನಿಂತಳು.

"ಚುಕ್ಕಿಗೆರಿ ಹಾಕಿದ್ದು ಖರೆ, ಅದು ಸರಿ ಅದ," ಎಂದ. "ಕೇಳದ ಒರಸಿದ್ದು ಸೊಕ್ಕು. ನನಗ ಕೆಮಿಸ್ಟ್ರಿ ಬರ್ತದ, ನಿಮಗ ತಿಳಿಯೂವಂಗ ಹೇಳಾಕ ಬರೂದಿಲ್ಲ. ಮೇಡಂಗೆ ಬರ್ತದ. ಸರ್, ಕ್ಲಾಸ್ ಅವರಿಗೇ ಕೊಡ್ರಿ. ಮೇಡಂ, ತಪ್ಪಾಯ್ತ್ರಿ."

ಈ ಸಲ ಯಾರೂ ನಗಲಿಲ್ಲ. ಮಹಾರುದ್ರಪ್ಪನವರು ಕೆಮ್ಮಿ, "ಆಯ್ತು ತಗೋರಿ, ನೋಟಿಸ್ ಕೀಳಸ್ತೀನಿ," ಎಂದು ಹೊರಟುಹೋದರು. ಅವಳು ಒಳಗೆ ಬಂದು ಸುಣ್ಣದ ಕಡ್ಡಿ ಎತ್ತಿಕೊಂಡಳು.

ಪಿರಿಯಡ್ ಮುಗಿದು ಮಕ್ಕಳು ಹೋದರೂ ಅವನು ಹಿಂದಿನ ಬೆಂಚು ಬಿಟ್ಟೇಳಲಿಲ್ಲ.

"ಎಂಎಸ್ಸಿ ಮಾಡಿದವರು ಬುನಾದಿ ಕ್ಲಾಸಿಗೆ ಯಾಕ ಬಂದು ಕೂಡ್ತಿದ್ರಿ?"

"ನಿಮ್ಮನ್ನ ನೋಡಾಕ ಬರ್ತಿದ್ದೆ." ಅವನ ಕಿವಿಯ ತುದಿ ಕೆಂಪಾಗಿತ್ತು. "ತಪ್ಪು ಕಂಡ್ರ ಕೈ ಸುಮ್ನಿರೂದಿಲ್ರಿ, ಸುಡ್ಲಿ. ಅವತ್ತು ಚಟ ಗೆದ್ದುಬಿಡ್ತು. ನೀವಂದ್ರ ನನಗ..."

"ಬಾಂಡು, ಎಲೆಕ್ಟ್ರಾನು ಅಂತ ಉಪಮಾ ಕೊಟ್ರ ಹೊಂಟು ಹೋಗ್ತೀನಿ, ಹೇಳಿರ್ತೀನಿ."

"ಇಲ್ರಿ. ಬರೇ ಜೀವ ಅದ ನಿಮ್ಮ ಮ್ಯಾಲ."

ಅವಳ ಎದೆ ದಡದಡ ಹೊಡೆದುಕೊಂಡಿತು. ಹಾಳಾದ ಸಿಟ್ಟು ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

"ನಮ್ಮ ಅವ್ವ ಶಕುಂತಲಾಬಾಯಿ ಚಿಟಗುಪ್ಪದಾಗ ಇರ್ತಾಳ್ರಿ. ನಾಡಿದ್ದ ಐತವಾರ ಬಸವಕಲ್ಯಾಣಕ್ಕ, ನಿಮ್ಮ ಮನಿಗೆ ಕಳಸಲೇನ್ರಿ?"

ಅವಳು ಪುಸ್ತಕ ಎದೆಗೊತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತಳು.

"ಒಬ್ಬರನ್ನ ಯಾಕ ಕಳಸ್ತೀರಿ? ನೀವೂ ಬರ್ರಿ," ಎಂದಳು. "ನನಗ ನಿಮ್ಮನ್ನ ಬೈಯೂದು ಭಾಳ ಉಳದದ. ಒಂದ್ ಐತವಾರಕ್ಕ ಮುಗಿಯೂವಂಗ ಕಾಣೂದಿಲ್ಲ."