ಗಂಗಾಧರನ ಮಿಂಟ್ ಪೀಸ್

ಕಬ್ಬಿಣದ ರಾಡು ಮನೆಗೆಲಸದ ಹೊಂಬಾಳಮ್ಮನ ಕೈ ಮೇಲೆ ಬೀಳುವುದಕ್ಕೂ ನಾನು ಅದನ್ನು ಹಿಡಿಯುವುದಕ್ಕೂ ಸರಿಹೋಯಿತು.

ಅಂಗೈ ಚುರ್ರೆಂದಿತು. ಬಿಡಲಿಲ್ಲ.

“ಬಿಡ್ರೀ ತಿಮ್ಮೇಶ್! ಇವಳ ಬೆರಳು ಮುರಿದ್ರೆ ತಾನಾಗೇ ಬಾಯಿ ಬಿಡ್ತಾಳೆ!”

“ಬೆರಳು ಮುರಿದ್ರೆ ಕೇಸು ನಿಮ್ಮ ಮೇಲೆ ಬೀಳುತ್ತೆ ಸಾರ್. ರಾಡು ಕೊಡಿ.”

ಕೊಟ್ಟ. ತುಮಕೂರಿನಲ್ಲಿ ಎರಡು ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗಂಗಾಧರ್ ಕಣ್ಣಲ್ಲಿ ನೀರು ತುಂಬಿಕೊಂಡು ಸೋಫಾದ ಮೇಲೆ ಕುಸಿದ. ಕಳೆದುಹೋದದ್ದೇನು ಗೊತ್ತೇ? ಒಂದು ಆಟದ ಸಾಮಾನು!

ನಗಬೇಡಿ. ಬೆಲೆ ಕೇಳುವವರೆಗೆ ನಾನೂ ನಕ್ಕಿದ್ದೆ.

ಅದು ಜಪಾನಿನ ರೋಬೋ. ಕೈಕಾಲು ಮಡಚಿದರೆ ಬಿಳಿ ಲಾರಿ, ಬಿಡಿಸಿದರೆ ಎದೆಯುಬ್ಬಿಸಿ ನಿಂತ ಕಬ್ಬಿಣದ ಮನುಷ್ಯ. ಇಂಥವನ್ನು ಕೂಡಿಡುವ ಹುಚ್ಚರು ಬೆಂಗಳೂರಿನಲ್ಲಿ ಸಂಘವನ್ನೇ ಕಟ್ಟಿಕೊಂಡಿದ್ದರು. ಇದು 2004ರ ಮಾತು. ನನ್ನ ಕಸುಬು ಕದ್ದ ಗಾಡಿ ಪತ್ತೆ ಮಾಡುವುದು. ಜೀಪು ಹುಡುಕಿದ್ದೇನೆ, ಟ್ರ್ಯಾಕ್ಟರ್ ಹುಡುಕಿದ್ದೇನೆ. ಗೇಣುದ್ದದ ಲಾರಿಗೆ ಯಾರೂ ಕರೆದಿರಲಿಲ್ಲ!

ಗಾಜಿನ ಬೀರುವಿನಲ್ಲಿ ಈಗ ನಿಂತಿದ್ದು ಡೂಪ್ಲಿಕೇಟ್. ಕೈಗೆತ್ತಿಕೊಂಡೆ. ಬೆಂಕಿಪೊಟ್ಟಣದಷ್ಟು ಹಗುರ. ಕ್ರೋಮ್ ಇರಬೇಕಾದ ಕಡೆ ಬರೀ ಸಿಲ್ವರ್ ಪೇಂಟು. ಬಿಡಿಸಿ ನಿಲ್ಲಿಸಿದರೆ ಕುಡುಕನ ಹಾಗೆ ಒಂದು ಕಡೆ ವಾಲಿತು.

“ಇದು ಡೂಪ್ಲಿಕೇಟ್ ಅಂತ ಕಂಡುಹಿಡಿದೋರು ಯಾರು?”

“ರವೀಶ್. ಗುಬ್ಬೀಲಿ ಗಿಫ್ಟ್ ಸೆಂಟರ್ ಇಟ್ಟವ್ನೆ. ಇದ್ರಲ್ಲಿ ಎಕ್ಸ್‌ಪರ್ಟು. ಭಾನುವಾರ ಬೆಂಗ್ಳೂರಲ್ಲಿ ಎಕ್ಸಿಬಿಷನ್ ಇದೆ, ಅದಕ್ಕೆ ಮುಂಚೆ ಒಂದ್ಸಲ ನೋಡು ಅಂತ ಕರೆದೆ. ‘ಅಣ್ಣ, ಯಾರೋ ಬದಲಾಯಿಸವ್ರೆ’ ಅಂದ. ಬೀರು ಕೀ ನನ್ನ ಬಿಟ್ರೆ ಇವಳ ಹತ್ರಾನೇ ಇರೋದು. ದಿನಾ ಗಾಜು ಒರೆಸೋಳು ಇವಳೇ!”

“ನೀವು ಮುಟ್ಟಿ ನೋಡ್ತಿರ್ಲಿಲ್ವಾ?”

“ಮುಟ್ಟೋದಾ? ಮಿಂಟ್ ಪೀಸ್ ರೀ ಅದು! ಒಂದು ಗೀರಿಲ್ಲ, ಒಂದು ಕಲೆ ಇಲ್ಲ. ಮುಟ್ಟಿದ್ರೆ ಕ್ವಾಲಿಟಿ ಹೋಯ್ತು!” ಮತ್ತೆ ಹಲ್ಲು ಕಡಿದ. “ಸಂಜೆಯೊಳಗೆ ಸಿಗ್ಲಿಲ್ಲ ಅಂದ್ರೆ ಇವಳನ್ನ ಸ್ಟೇಷನ್ನಿಗೆ ಹಾಕ್ತೀನಿ.”

ಹೊಂಬಾಳಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಆಕೆ ನಡುಗುತ್ತಿದ್ದಳು. ಆದರೆ ಏನನ್ನೋ ಮುಚ್ಚಿಡುತ್ತಲೂ ಇದ್ದಳು. ನನಗೆ ಅದು ವಾಸನೆಯಲ್ಲೇ ಗೊತ್ತಾಗುತ್ತದೆ. ಹೆತ್ತ ತಾಯಿ ಕಾಫಿ ಕೊಟ್ಟರೂ ಮೂಸಿ ನೋಡಿ ಕುಡಿಯುವ ಜಾತಿ ನನ್ನದು.

“ಸ್ಟೇಷನ್ ಮೆಟ್ಲು ಹತ್ಸುದ್ರೆ ಈ ಬೀದೀಲಿ ಯಾರೂ ನನ್ನ ಒಳಿಕ್ಕೆ ಬುಡಾಕಿಲ್ಲ ಕಣಣ್ಣ. ಎಲ್ಲಾ ಮನೆ ಕೆಲ್ಸಾನೂ ಹೋಯ್ತದೆ.”

“ಕದ್ದಿಲ್ಲ ಅಂದ್ರೆ ಮುಖ ಯಾಕಮ್ಮ ಮರೆಸ್ತೀಯಾ? ಏನು ಮಾಡ್ದೆ ಅದಕ್ಕೆ? ಹೇಳು!”

ಆಕೆ ಬಾಗಿಲ ಕಡೆ ನೋಡಿದಳು. ದನಿ ತಗ್ಗಿಸಿದಳು.

“ಪೂಜೆ ಮಾಡ್ದೆ.”

“ಏನು?!”

“ಆಯುಧಪೂಜೆ ದಿನ... ಇವ್ರಿಗೆ ಸೂತಕ ಇತ್ತು. ನಿಟ್ಟೂರಲ್ಲಿ ದಾಯಾದಿ ಒಬ್ರು ತೀರ್ಕಂಡಿದ್ರು. ‘ನಾವು ಮಾಡಂಗಿಲ್ಲ, ಮನೇಲಿರೋ ಗಾಡಿಗೆಲ್ಲ ನೀನೇ ಪೂಜೆ ಮಾಡ್ಬುಡು’ ಅಂದ್ರು. ಕಾರಿಗೆ ಮಾಡ್ದೆ. ಸ್ಕೂಟ್ರಿಗೆ ಮಾಡ್ದೆ. ಇದೂ ಲಾರಿನೇ ಅಲ್ವಾ ಅಂತ ಅರಿಶಿನ ಕಲಸಿ ಮುಂದ್ಗಡೆ ಹಚ್ದೆ. ಆಮ್ಯಾಕೆ ಬೈತಾರೇನೋ ಅಂತ ಸೆರಗಲ್ಲಿ ಒರೆಸ್ದೆ. ಮೇಲ್ಗಡೆದು ಹೋಯ್ತು. ಸಂದೀಗೆ ಇಳಿದಿದ್ದು ಹೋಗ್ನಿಲ್ಲ.”

ಡೂಪ್ಲಿಕೇಟಿನ ಸಂದಿಯನ್ನು ಬಿಡಿಸಿ ನೋಡಿದೆ. ಹಾಲಿನಷ್ಟು ಬಿಳುಪು.

ನಿಜವೋ, ಕಟ್ಟುಕತೆಯೋ? ಇನ್ನೂ ಗ್ಯಾರಂಟಿ ಇರಲಿಲ್ಲ. ಹಾಲಿಗೆ ಬಂದೆ.

“ದಸರಾ ಆದ್ಮೇಲೆ ಅದು ಮನೆಯಿಂದ ಆಚೆ ಹೋಗಿತ್ತಾ ಸಾರ್?”

“ದೀಪಾವಳೀಲಿ ರವೀಶ್ ತಗೊಂಡ್ಹೋಗಿದ್ದ, ಕೀಲು ಬಿಗಿ ಮಾಡ್ಕೊಡ್ತೀನಿ ಅಂತ. ಅವನ ಮೇಲೆ ಅನುಮಾನನಾ? ಛೇ! ತಮ್ಮ ಇದ್ದಂಗೆ ರೀ ಅವನು!”

ನಾಮ ಹಾಕುವವರು ಯಾವಾಗಲೂ ತಮ್ಮನ ಹಾಗೇ ಇರುತ್ತಾರೆ! ಎಕ್ಸಿಬಿಷನ್ನಿನಲ್ಲಿ ಗುಟ್ಟು ಹೇಗೂ ರಟ್ಟಾಗುತ್ತದೆ. ಅದಕ್ಕೆ ಮುಂಚೆ ತಾನೇ ‘ಕಳ್ಳತನ’ ಎಂದು ಕೂಗಿಬಿಟ್ಟರೆ ಕೂಗಿದವನ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ನನಗೆ ಬರುತ್ತದೆ.

ಯೆಜ್ಡಿ ಬೈಕ್ ಹತ್ತಿ ಗುಬ್ಬಿಗೆ ಹೋದೆ. ಗಿಫ್ಟ್ ಸೆಂಟರಿನ ಕೌಂಟರಿನ ಹಿಂದೆ ರವೀಶ್ ಕೂತಿದ್ದ. ನುಣ್ಣಗೆ ಬಾಚಿದ ತಲೆ, ನುಣ್ಣಗಿನ ನಗು.

ನನ್ನ ಹೆಸರು ಹೇಳಿ ಒಂದೇ ಪ್ರಶ್ನೆ ಕೇಳಿದೆ.

“ರವೀಶ್, ಸಂದೀಲಿ ಹಳದಿ ಇರೋ ಲಾರಿ ನಿನ್ನ ಹತ್ರ ಇದೆಯಂತೆ. ತೋರಿಸ್ತೀಯಾ?”

ನಗು ಹಾಗೇ ಇತ್ತು. ಮುಖದ ರಕ್ತ ಮಾತ್ರ ಇಳಿದುಹೋಯಿತು.

“ಕೂತಿರಿ ಅಣ್ಣ... ಟೀ ಹೇಳಿ ಬರ್ತೀನಿ.”

ಒಳಗೆ ಹೋದ. ಟೀ ಬರಲಿಲ್ಲ. ಹಿತ್ತಲಿನಲ್ಲಿ ವ್ಯಾನು ಸ್ಟಾರ್ಟ್ ಆದ ಸದ್ದು ಬಂತು!

ಹೊರಗೆ ಹಾರಿದೆ. ಬಿಳಿ ಓಮ್ನಿ ಕುಣಿಗಲ್ ದಾರಿ ಹಿಡಿದಿತ್ತು. ಗಂಗಾಧರನಿಗೆ ಫೋನ್ ಹಾಕಿ ಕೂಗಿದೆ: “ಸಾರ್, ತಕ್ಷಣ ಕುಣಿಗಲ್ ಕಡೆ ಕಾರು ಹೊರಡಿಸಿ! ಹೊಂಬಾಳಮ್ಮನ್ನೂ ಕೂರಿಸ್ಕೊಳ್ಳಿ!”

ಹೆಬ್ಬೂರಿನ ಹತ್ತಿರ ಅವನ ಪಕ್ಕಕ್ಕೆ ಬಂದೆ. ಅವನು ಸ್ಟೀರಿಂಗ್ ಎಳೆದ. ವ್ಯಾನು ನನ್ನನ್ನು ಸವರಿಕೊಂಡು ಹೋಯಿತು. ನಾನು, ಯೆಜ್ಡಿ, ಇಬ್ಬರೂ ರಾಗಿ ಹೊಲದೊಳಗೆ! ಮಂಡಿಯ ಸಿಪ್ಪೆ ಸುಲಿದಿತ್ತು. ಬೈಗುಳ ಬಾಯಿಗೆ ಬಂತು. ಕಿಕ್ ಹೊಡೆದೆ... ಪುಣ್ಯಕ್ಕೆ ಸ್ಟಾರ್ಟ್ ಆಯಿತು.

ಕುಣಿಗಲ್ ಕೆರೆ ಏರಿ ಮೇಲೆ ಸಿಕ್ಕಿಬಿದ್ದ. ಹಿಡಿದದ್ದು ನಾನಲ್ಲ, ಒಂದು ಕುರಿ ಮಂದೆ. ರಸ್ತೆ ತುಂಬ ಕುರಿ! ವ್ಯಾನು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ರವೀಶ್ ಕೆಳಗಿಳಿದ. ಕೈಯಲ್ಲಿ ಎಳನೀರು ಕೊಚ್ಚುವ ಮಚ್ಚು.

“ಹತ್ರ ಬಂದ್ರೆ ಕಡಿದಾಕ್ಬುಡ್ತೀನಿ ತಿಮ್ಮೇಶ!”

“ಗಿಫ್ಟ್ ಪ್ಯಾಕ್ ಕಟ್ಟೋ ಕೈ ಕಣೋ ಅದು. ಮಚ್ಚು ಕೆಳಗಿಡು.”

ಬೀಸಿದ. ಹೆಲ್ಮೆಟ್ ಅಡ್ಡ ಹಿಡಿದೆ. ಮಚ್ಚು ಅದರಲ್ಲೇ ಕಚ್ಚಿಕೊಂಡಿತು. ತಿರುಚಿ ಎಳೆದೆ, ಹೊಟ್ಟೆಗೊಂದು ಕೊಟ್ಟೆ. ಹೆಲ್ಮೆಟ್ಟೂ ಮಚ್ಚೂ ಜೋಡಿಯಾಗಿ ಕೆರೆಗೆ ಬಿದ್ದವು. ಅವನು ಕುರಿಗಳ ಮಧ್ಯೆ ಬಿದ್ದ.

ಸೀಟಿನ ಕೆಳಗೆ, ಟವೆಲಿನಲ್ಲಿ ಸುತ್ತಿಟ್ಟ ರೋಬೋ!

ಕೈಗೆ ಬಂದ ಕೂಡಲೇ ಗೊತ್ತಾಯಿತು. ಭಾರ ಅಂದರೆ ಭಾರ. ಕೀಲು ತಿರುಗಿಸಿದೆ. ಟಕ್... ಟಕ್... ಒಂದೊಂದೂ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತು. ತೋಳು ಎತ್ತಿದರೆ ಎತ್ತಿದಲ್ಲೇ ನಿಂತಿತು. ಅಬ್ಬಾ, ಎಂಥ ಕೆಲಸ! ಗಂಗಾಧರನ ಹುಚ್ಚು ಅರ್ಥವಾದದ್ದು ಆಗಲೇ. ಸಂದಿಯನ್ನು ಬಿಡಿಸಿದೆ.

ಹಳದಿ. ಬಿಳಿ ಪ್ಲಾಸ್ಟಿಕ್ಕಿನೊಳಗೆ ಇಳಿದುಹೋದ ಅರಿಶಿನ.

ಗಂಗಾಧರನ ಕಾರು ಬಂತು. ಹಿಂದಿನ ಸೀಟಿನಲ್ಲಿ ಹೊಂಬಾಳಮ್ಮ. ಗಂಗಾಧರ್ ಓಡಿ ಬಂದ, ರೋಬೋ ನೋಡಿದ, ಕಲೆ ನೋಡಿದ... ಅಲ್ಲೇ ನಿಂತುಬಿಟ್ಟ.

ಕೆಳಗೆ ಬಿದ್ದಿದ್ದ ರವೀಶ್ ಅದನ್ನು ಗಮನಿಸಿದ. ತುಟಿಯ ರಕ್ತ ಒರೆಸಿಕೊಂಡು ಎದ್ದ.

“ಅಣ್ಣ, ಇದು ನಂದು. ಎಷ್ಟೋ ವರ್ಷದಿಂದ ನನ್ನ ಹತ್ರ ಐತೆ. ನಿಮ್ದು ಮಿಂಟ್ ಪೀಸು. ಊರಿಗೆಲ್ಲ ಹೇಳ್ಕೊಂಡು ತಿರುಗಿದೋರು ನೀವೇ! ಕಲೆ ಇರೋ ಮಾಲು ನಿಮ್ದು ಹೆಂಗಾಗುತ್ತೆ?”

ಕಳ್ಳನಿಗೊಂದು ಪಿಳ್ಳೆ ನೆವ! ಆದರೆ ಆ ನೆವ ನಾಟಿತು.

“ನಂದ್ರಲ್ಲಿ... ಕಲೆ ಇರ್ಲಿಲ್ಲ,” ಅಂದ ಗಂಗಾಧರ್.

ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬ ಹೆಂಗಸಿನ ಅನ್ನ ಹೋಗುತ್ತಿದೆ, ಈ ಮನುಷ್ಯನಿಗೆ ಮಿಂಟಿನ ಚಿಂತೆ!

ಕಾರಿನ ಬಾಗಿಲು ತೆರೆಯಿತು. ಹೊಂಬಾಳಮ್ಮ ಇಳಿದು ಬಂದಳು. ಈಗ ನಡುಕವಿರಲಿಲ್ಲ.

“ಅದು ಅರಿಶಿನ ಸಾ. ಆಯುಧಪೂಜೇಲಿ ನಾನೇ ಹಚ್ಚಿದ್ದು. ಗಾಡಿಗೆಲ್ಲ ಮಾಡು ಅಂದೋರು ನೀವೇ.”

“ಅರಿಶಿನಾನಾ? ಲೇ... ನಿನ್ನ...!” ಕೈ ಎತ್ತಿದ.

ಅವತ್ತು ಎರಡನೇ ಸಲ ಆ ಕೈಯನ್ನು ತಡೆದೆ. ಈ ಸಲ ಸ್ವಲ್ಪ ತಿರುಚಿದೆ.

“ಕೇಳಿ ಸಾರ್. ಕಲೆ ಇರೋದು ನಿಮ್ದು ಅಂದ್ರೆ ಕಳ್ಳ ರವೀಶ್. ಕಲೆ ಇಲ್ದೇ ಇರೋದೇ ನಿಮ್ದು ಅಂದ್ರೆ ಅದು ನಿಮ್ಮ ಬೀರುವಲ್ಲೇ ಇದೆ, ಕಳ್ಳತನಾನೇ ಆಗಿಲ್ಲ. ಯಾವುದು ಹೇಳಿದ್ರೂ ಈಯಮ್ಮ ಕಳ್ಳಿ ಅಲ್ಲ. ಈಗ ಹೇಳಿ! ಯಾವುದು ನಿಮ್ದು?”

ಕುರಿಗಳು ಒಂದೊಂದಾಗಿ ನಮ್ಮನ್ನು ದಾಟಿಕೊಂಡು ಹೋದವು. ಗಂಗಾಧರ್ ರೋಬೋ ಇಸಕೊಂಡ. ಹೆದರಿ ಹೆದರಿ ತೋಳು ತಿರುಗಿಸಿದ. ಟಕ್!

“ನಂದೇ,” ಅಂದ, ಬೇವಿನ ಕಷಾಯ ಕುಡಿದವನ ಹಾಗೆ.

ರವೀಶ್ ಓಡಲು ನೋಡಿದ. ಕಾಲು ಅಡ್ಡ ಕೊಟ್ಟೆ. ಅವನ ಬೆಲ್ಟಿನಿಂದಲೇ ಅವನ ಕೈ ಕಟ್ಟಿ ವ್ಯಾನಿಗೆ ತಳ್ಳಿದೆ. ಕುಣಿಗಲ್ ಸ್ಟೇಷನ್ ಹತ್ತಿರವೇ ಇತ್ತು.

ಗಂಗಾಧರ್ ಹೊಂಬಾಳಮ್ಮನ ಮುಖ ನೋಡದೆ ಗೊಣಗಿದ: “ಸರಿ ಸರಿ... ಕಾರು ಹತ್ತು. ನಾಳೆ ಕೆಲಸಕ್ಕೆ ಬಾ.”

ತಪ್ಪಾಯಿತು ಎಂಬ ಒಂದು ಮಾತಿಲ್ಲ!

“ನಿಮ್ಮನೆಗೆ ಬರಾಕಿಲ್ಲ ಸಾ. ಬ್ಯಾರೆ ಮನೆಗಳವೆ ನಂಗೆ.” ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಕೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಆ ನಡಿಗೆ ನೋಡಿ ನನ್ನ ಮಂಡಿ ನೋವು ಮರೆತುಹೋಯಿತು.

ಗಂಗಾಧರ್ ಕರ್ಚೀಫಿನಿಂದ ಸಂದಿಯನ್ನು ಉಜ್ಜುತ್ತಲೇ ಇದ್ದ.

“ತಿಮ್ಮೇಶ್... ಈ ಅರಿಶಿನ ಹೋಗ್ಸೋಕೆ ಏನು ಹಾಕ್ಬೇಕು ರೀ?”

“ಹೊಂಬಾಳಮ್ಮನ್ನ ಕೇಳಿ ಸಾರ್,” ಅಂದೆ. “ಆದ್ರೆ ಮೊದ್ಲು ಕಾಲು ಹಿಡೀರಿ!”