ಇಪ್ಪತ್ತೊಂದು ಪಟ್ಟಿಗಳ ಮೇಣ

"ಏನ್ರೀ ಇದು? ತೊಟ್ಟಿಲೋ, ದೋಣಿಯೋ?"

2016ರ ಜನವರಿ. ಕೊಲ್ಲಿ ನಾಡಿನ ಊದ್ ಮೇಥಾ ಬಡಾವಣೆಯ ತಾಲೀಮು ಕೋಣೆಯ ಬಾಗಿಲಲ್ಲೇ ನಿಂತು ನಿವೇದಿತಾ ಮೂಗು ಮುರಿದಳು. ಧಾರವಾಡದ ಡಾಕ್ಟರರ ಮಗಳು. ಲಂಡನ್ ಪರೀಕ್ಷೆ ಪಾಸು ಮಾಡಿದ ವಯಲಿನ್ ವಾದಕಿ ಬೇರೆ!

"ರೊನಿಯತ್. ಕಾಂಬೋಡಿಯಾದ ವಾದ್ಯ." ನೆಲದ ಮೇಲೆ ಕೂತು ಬಿದಿರಿನ ಪಟ್ಟಿಗಳನ್ನು ಒರೆಸುತ್ತಿದ್ದವನು ತಲೆ ಎತ್ತಿದ. ಮಂಗಳೂರಿನ ಪ್ರೀತಮ, ವಾದ್ಯ ರಿಪೇರಿಯವ. "ನಿಮ್ಮ ಸೋಲೋ ಇದರ ಜೊತೆಗೇ ಅಲ್ವಾ ಮಾರಾಯ್ರೆ?"

ಅವಳು ಬಗ್ಗಿ ಒಂದು ಪಟ್ಟಿ ತಟ್ಟಿ ನೋಡಿದಳು. "ಇದರ ಸ್ವರಾನ ಸರಿ ಇಲ್ಲ!"

"ನಿಮ್ಮ ಲೆಕ್ಕಕ್ಕೆ ಇಲ್ಲ. ಅದರ ಲೆಕ್ಕ ಬೇರೆ ಉಂಟು."

"ಬಡಗಿಗೆ ಸಂಗೀತ ಏನ್ ತಿಳೀತದ ಬಿಡ್ರಿ!"

ಅವನು ನಕ್ಕುಬಿಟ್ಟ. ಎಷ್ಟು ಸೊಕ್ಕು! ಆದರೆ ಆ ನಗು ಕರಾಮದ ಅವಳ ಮನೆಯವರೆಗೂ ಹಿಂದೆಯೇ ಬಂತು...

ಮರುದಿನ ಬೇಗನೇ ಬಂದಳು. ಯಾಕೆಂದು ಅವಳನ್ನು ಕೇಳಬೇಡಿ. ಅವನಿರಲಿಲ್ಲ. ಸುಮ್ಮನೆ ರೊನಿಯತ್‌ನ ಪಟ್ಟಿ ಎತ್ತಿದರೆ, ಅಡಿಯಲ್ಲಿ ಕಪ್ಪನೆಯ ಉಂಡೆಗಳು!

'ಶೀ, ಚ್ಯೂಯಿಂಗ್ ಗಮ್! ಇಂಥ ಹೊಲಸಿನ ಜೊತೆ ನಾನು ನುಡಿಸಬೇಕಾ?'

ಹೇರ್‌ಪಿನ್ ತೆಗೆದು ಇಪ್ಪತ್ತೊಂದೂ ಪಟ್ಟಿಗಳನ್ನು ಕೆರೆದಳು. ತಿಳಿಯದ್ದನ್ನೆಲ್ಲ ಕೊಳೆ ಎನ್ನುವವರಿಗೆ ಉಜ್ಜುವ ಕೆಲಸಕ್ಕೆ ಬರವಿಲ್ಲ.

ತಾಲೀಮು ಶುರುವಾಯಿತು. ಕಾಂಬೋಡಿಯಾದಿಂದ ಬಂದ ಸಂಗೀತ ಸಂಯೋಜಕಿ ರೊನಿಯತ್ ಮೇಲೆ ಮೊದಲ ಪೆಟ್ಟು ಹಾಕಿದರು... ಪಟ್ಟಿಗಳು ದಿಕ್ಕಿಗೊಂದರಂತೆ ಕಿರುಚಿದವು! ಆಕೆ ಪಟ್ಟಿ ತಿರುಗಿಸಿ ನೋಡಿ ಬಾಯಿಯ ಮೇಲೆ ಕೈಯಿಟ್ಟರು. ಅವು ಜೇನುಮೇಣಕ್ಕೆ ಸೀಸದ ಪುಡಿ ಕಲಸಿ ಅಂಟಿಸಿದ್ದ ಉಂಡೆಗಳು. ಆ ತೂಕವೇ ಸ್ವರವನ್ನು ಇಳಿಸಿ ಶ್ರುತಿಯಲ್ಲಿ ನಿಲ್ಲಿಸುವುದು.

"ಯಾರು ಮಾಡಿದ್ದು?" ವಾದ್ಯವೃಂದದ ನಿರ್ದೇಶಕ ಶಾಮಸುಂದರ ಗುಡುಗಿದರು. "ನಾಡಿದ್ದು ಅಬುಧಾಬಿಯಲ್ಲಿ ಕಾರ್ಯಕ್ರಮ! ಮಾಡಿದವರು ಈಗಲೇ ಹೊರಗೆ!"

ನಿವೇದಿತಾಳ ಕೈ ತಲೆಯಲ್ಲಿದ್ದ ಹೇರ್‌ಪಿನ್ನಿನತ್ತ ಹೋಯಿತು. ಐದು ವರ್ಷ ಕಾದು ಸಿಕ್ಕಿದ ಸೋಲೋ...

"ನಾನು ಸರ್," ಎಂದ ಪ್ರೀತಮ.

"ನೀನಾ? ಬಡಗಿಗೆ ಸಂಗೀತ ಏನು ಗೊತ್ತು! ಖಲಾಸ್, ನಡಿ!"

ಅವಳದೇ ಮಾತು! ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಎಷ್ಟು ಅಸಹ್ಯ...

ಅವನು ಬಾಗಿಲು ತಲುಪಿದ್ದ.

"ನಿಲ್ರೀ! ಸರ್, ಕೆರೆದಾಕಿ ನಾನು. ಹೊಲಸು ಅಂತ ತಿಳಕೊಂಡಿದ್ದೆ. ಹೊಲಸು ನನ್ನ ತಲ್ಯಾಗ ಇತ್ತು."

ಶಾಮಸುಂದರ ಬಾಯಿ ತೆರೆಯುವ ಮೊದಲೇ ಸಂಯೋಜಕಿ ಮೇಣದ ಡಬ್ಬಿಯನ್ನು ಅವಳ ಕೈಗಿಟ್ಟರು. "ಇಬ್ಬರೂ ಕೂತು ಸರಿಮಾಡಿ. ಸೋಲೋ ಆಮೇಲೆ," ಎಂದರು ಇಂಗ್ಲಿಷಿನಲ್ಲಿ.

ಪಟ್ಟಿಗೊಂದು ಉಂಡೆ. ಬಡಿ, ಕೇಳು, ಚೂರು ಮೇಣ ಸೇರಿಸು. ಮಧ್ಯಾಹ್ನದ ಹೊತ್ತಿಗೆ, ತನಗೆ ಗೊತ್ತಿದ್ದ ಎರಡು ಸ್ವರಗಳ ನಡುವೆಯೂ ಒಂದು ಸ್ವರ ಬದುಕಿದೆಯೆಂದು ಅವಳ ಕಿವಿಗೆ ತಿಳಿಯಿತು.

"ಯಾಕ ನಿಮ್ಮ ಮ್ಯಾಲ ಹಾಕ್ಕೊಂಡ್ರಿ?"

"ನಿಮ್ಮ ಹೇರ್‌ಪಿನ್‌ನಲ್ಲಿ ಮೇಣ ಕಂಡಿತು. ನಿಮ್ಮ ಸೋಲೋ ಹೋಗೋದು ನೋಡ್ಲಿಕ್ಕೆ ಆಗ್ಲಿಲ್ಲ."

"ಅಷ್ಟು ಬೈದಾಕಿ ಮ್ಯಾಲ ಇಷ್ಟು ಕನಿಕರ ಯಾಕ್ರಿ?"

"ಕನಿಕರ ಎಂತ ಬಂತು..." ಅವನು ಪಟ್ಟಿಯಿಂದ ಕಣ್ಣೆತ್ತಲಿಲ್ಲ. "ಪ್ರೀತಿ ಮಾರಾಯ್ರೆ."

ಕೊನೆಯ ಪಟ್ಟಿ ಶ್ರುತಿಗೆ ಬಂತು. ನಿವೇದಿತಾ ಬೆರಳು ಮುಂದೆ ಚಾಚಿದಳು.

"ನನಗೂ ಚೂರು ಮೇಣ ಹಚ್ರಿ. ಭಾಳ ಮ್ಯಾಲ ಹೋಗೇನಿ."

ಅವನು ಬೆರಳ ತುದಿಗೆ ಮೆಲ್ಲಗೆ ಒತ್ತಿದ. "ಇನ್ನು ಕೆರೆಯಬಾರ್ದು, ಆಯ್ತಾ?"

"ಇಲ್ರೀ... ಎಂದೂ ಇಲ್ಲ!"